ಸಂಜೆ ಆರಕ್ಕೆ ಬಾಗಿಲು ಹಾಕಿಸಿದ ಸರ್ಕಾರ ರಾತ್ರಿ ಕರೆಂಟು ಕೊಡುವುದನ್ನು ನಿಲ್ಲಿಸಲಿ

2022ರ ಅಕ್ಟೋಬರ್ 31ರಿಂದ 2023ರ ಜನವರಿ 21ರವರೆಗೆ, ಮೂರು ತಿಂಗಳು ತುಂಬುವುದರೊಳಗೆ, ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜೀವ ಹೋದವು. ಎಂ.ಎಲ್. ಹುಂಡಿಯ ಕಾಲೇಜು ಹುಡುಗ ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದ. ಎಸ್. ಕೆಬ್ಬೇಹುಂಡಿಯ ವಿದ್ಯಾರ್ಥಿನಿ ಮುಸ್ಸಂಜೆಯಲ್ಲಿ ತನ್ನ ಮನೆಯ ಹಿಂದೆಯೇ ಇದ್ದಳು. ಕನ್ನಾಯಕನಹಳ್ಳಿಯ ಹಿರಿಯ ಹೆಂಗಸು ಸೌದೆ ತರಲು ಹೋಗಿದ್ದರು. ಅದರ ಮರುದಿನವೇ ಹೊರಳಹಳ್ಳಿಯ ಹನ್ನೊಂದು ವರ್ಷದ ಹುಡುಗ ಬಿಸ್ಕತ್ತು ತರಲೆಂದು ಅಂಗಡಿಗೆ ಹೊರಟವನು ಮನೆಗೆ ಮರಳಲಿಲ್ಲ. ಆಗ ಜಿಲ್ಲೆಯಲ್ಲಿ ಎದ್ದ ವಿವಾದ ಬಹುತೇಕ ಒಂದೇ ಪ್ರಶ್ನೆಯ ಸುತ್ತ ಸುತ್ತಿತು: ಚಿರತೆಯನ್ನು ಗುಂಡಿಕ್ಕಿ ಕೊಲ್ಲಬೇಕೋ, ಬೋನಿಟ್ಟು ಹಿಡಿಯಬೇಕೋ? ಅದರ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಹಿಂದಕ್ಕೆ ಸರಿಯಿತು. ಹಳ್ಳಿಯ ದಿನಚರಿಯನ್ನೇ ಕತ್ತಲಿಗೆ ಕಟ್ಟಿಹಾಕಿರುವವರು ಯಾರು, ಅದನ್ನು ಬಿಡಿಸುವ ಹೊಣೆ ಯಾರದು ಎಂಬ ಪ್ರಶ್ನೆ ಅದು. ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಇದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಜನವರಿಯ ಸಾವುಗಳ ನಂತರ ಜಿಲ್ಲಾಡಳಿತ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮನೆಯಿಂದ ಹೊರಬರಬೇಡಿ ಎಂದು ಹಳ್ಳಿಗಳಿಗೆ ನಿರ್ಬಂಧ ಹಾಕಿತು. ನಾಲ್ಕು ದಿನ ಜನರನ್ನು ಒಳಗಿಟ್ಟು ಚಿರತೆ ಹಿಡಿಯುವುದಕ್ಕೆ ಅದು ಸರಿ. ಆ ತುರ್ತಿನಲ್ಲಿ ಅಧಿಕಾರಿಗಳಿಗೆ ಬೇರೆ ದಾರಿ ಇರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಇದೇ ಸರ್ಕಾರದ ಇನ್ನೊಂದು ಕೈ ಏನು ಮಾಡುತ್ತದೆ ನೋಡಿ. ರೈತರ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಬರುವುದು ಪಾಳಿಯಲ್ಲಿ. ಒಂದು ವಾರ ಹಗಲಾದರೆ ಇನ್ನೊಂದು ವಾರ ರಾತ್ರಿ, ಅಥವಾ ಅರ್ಧ ಹಗಲು, ಅರ್ಧ ರಾತ್ರಿ. ರಾತ್ರಿ ಪಾಳಿ ಬಂದ ವಾರ ಕಬ್ಬಿಗೋ ಭತ್ತಕ್ಕೋ ನೀರು ಬೇಕಾದವನು ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಗದ್ದೆಗೆ ಹೋಗಲೇಬೇಕು. ಜಿಲ್ಲಾಡಳಿತ ಒಳಗಿರು ಎನ್ನುತ್ತದೆ, ವಿದ್ಯುತ್ ನಿಗಮ ಹೊರಗೆ ಬಾ ಎನ್ನುತ್ತದೆ. ಎರಡೂ ಒಂದೇ ಸರ್ಕಾರದ ಮಾತು. ಇವುಗಳಲ್ಲಿ ಒಂದನ್ನು ಮೀರದೆ ಇನ್ನೊಂದನ್ನು ಪಾಲಿಸುವುದು ಬೇಸಾಯಗಾರನಿಂದ ಆಗದ ಮಾತು. ಆಮೇಲೆ ಅನಾಹುತವಾದರೆ "ಎಚ್ಚರಿಕೆ ವಹಿಸಬೇಕಿತ್ತು" ಎಂಬ ಮಾತು ಸತ್ತವನ ಮೇಲೆಯೇ ಬೀಳುತ್ತದೆ.

ರಾತ್ರಿ ನೀರು ಕಟ್ಟುವುದು ಎಂದರೇನು ಎಂಬುದನ್ನು ಪಟ್ಟಣದ ಓದುಗರಿಗೆ ಬಿಡಿಸಿ ಹೇಳಬೇಕು. ಆಟೋ ಸ್ಟಾರ್ಟರ್ ಇದೆಯಲ್ಲ, ಮೊಬೈಲಿನಿಂದಲೇ ಮೋಟಾರು ಚಾಲೂ ಮಾಡಬಹುದಲ್ಲ, ಗದ್ದೆಗೆ ಹೋಗುವ ಅಗತ್ಯವೇನು ಎಂದು ಕೇಳುವವರಿದ್ದಾರೆ. ಮೋಟಾರು ಚಾಲೂ ಆದರೆ ನೀರು ಬೋರ್‌ವೆಲ್ಲಿನ ಬಾಯಿಗೆ ಬರುತ್ತದೆ, ಅಷ್ಟೇ. ಅಲ್ಲಿಂದ ಅದನ್ನು ಸಾಲಿನಿಂದ ಸಾಲಿಗೆ ತಿರುಗಿಸುವುದು ಮನುಷ್ಯನ ಕೈ. ಸನಿಕೆ ಹಿಡಿದು, ಒಂದು ಕೈಯಲ್ಲಿ ಬ್ಯಾಟರಿ ಹಿಡಿದು, ತರಗು ಮುಚ್ಚಿದ ಕಾಲುವೆಯ ಬದಿಯಲ್ಲಿ ಬಗ್ಗಿ ಮಣ್ಣು ಎಳೆದು ಒಂದು ಸಾಲನ್ನು ಕಟ್ಟಬೇಕು, ಮುಂದಿನ ಸಾಲನ್ನು ಬಿಡಿಸಬೇಕು. ಬದು ಒಡೆದರೆ ಓಡಿಹೋಗಿ ಕಟ್ಟಬೇಕು. ಎಂಟು ಹತ್ತು ಅಡಿ ಎತ್ತರ ಬೆಳೆದ ಕಬ್ಬಿನ ನಡುವೆ ಬ್ಯಾಟರಿಯ ಬೆಳಕು ಎರಡು ಮಾರು ದಾಟುವುದಿಲ್ಲ, ನೀರು ಹರಿಯುವ ಸದ್ದಿನಲ್ಲಿ ಬೇರೆ ಸದ್ದು ಕೇಳುವುದಿಲ್ಲ. ಹೀಗೆ ಬಗ್ಗಿದ ದೇಹ ನೆಟ್ಟಗೆ ನಿಂತ ಮನುಷ್ಯನಂತೆ ಕಾಣುವುದೂ ಇಲ್ಲ. ಇನ್ನು ಆಟೋ ಸ್ಟಾರ್ಟರನ್ನು ತೆಗೆಯಿರಿ ಎಂದು ಹೇಳುತ್ತಾ ಬಂದಿರುವುದು ವಿದ್ಯುತ್ ನಿಗಮಗಳೇ. ಕರೆಂಟು ಬಂದ ಕ್ಷಣ ಎಲ್ಲ ಮೋಟಾರುಗಳೂ ಒಟ್ಟಿಗೆ ಚಾಲೂ ಆಗಿ ಟ್ರಾನ್ಸ್‌ಫಾರ್ಮರ್ ಸುಡುತ್ತದೆ ಎಂಬುದು ಅವರ ಕಾರಣ, ಅದರಲ್ಲಿ ಸುಳ್ಳಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಪ್ಪಿಸಿಕೊಂಡು ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಆ ನಾಲ್ವರಲ್ಲಿ ಒಬ್ಬರೂ ರಾತ್ರಿ ನೀರು ಕಟ್ಟುತ್ತಿರಲಿಲ್ಲ, ಹಾಗಿದ್ದ ಮೇಲೆ ಕರೆಂಟಿನ ಮಾತೇಕೆ ಎಂಬುದು ಆ ಆಕ್ಷೇಪ. ನಿಜ, ಕಟ್ಟುತ್ತಿರಲಿಲ್ಲ. ಆದರೆ ಅವರಲ್ಲಿ ಯಾರ ನಡತೆಯಲ್ಲಿ ಎಚ್ಚರ ತಪ್ಪಿತ್ತು ಹೇಳಿ? ದೇವಸ್ಥಾನ, ಹಿತ್ತಲು, ಸೌದೆ, ಅಂಗಡಿ. ಇವು ಬದುಕಿನ ಅತಿ ಸಾಮಾನ್ಯ ಓಡಾಟಗಳು. ಇಷ್ಟನ್ನೂ ಬಿಟ್ಟುಬಿಡಿ ಎಂದರೆ ಹಳ್ಳಿಯಲ್ಲಿ ಬದುಕುವುದನ್ನೇ ಬಿಡಿ ಎಂದಂತೆ. ವ್ಯಕ್ತಿಯ ಎಚ್ಚರಿಕೆಯೊಂದನ್ನೇ ನಂಬಿದ ಸುರಕ್ಷತೆ ಎಷ್ಟು ಬೇಗ ಸೋಲುತ್ತದೆ ಎಂಬುದಕ್ಕೆ ಈ ನಾಲ್ಕು ಸಾವುಗಳಿಗಿಂತ ಬೇರೆ ಸಾಕ್ಷಿ ಬೇಡ. ಅಪಾಯವನ್ನು ತಗ್ಗಿಸಬೇಕಾದರೆ ಜನ ಇರುವ ಸ್ಥಿತಿಯನ್ನು ಬದಲಿಸಬೇಕು: ಬೀದಿಯ ಕೊನೆಯ ಮನೆಯವರೆಗೂ ಉರಿಯುವ ದೀಪ, ಮನೆಯ ಗೋಡೆಯಿಂದ ದೂರ ಸರಿದ ಕಬ್ಬಿನ ಅಂಚು, ಕತ್ತಲಾಗುವ ಮೊದಲೇ ಮಕ್ಕಳನ್ನು ಕಾಲೇಜಿನಿಂದ ಊರಿಗೆ ಮುಟ್ಟಿಸುವ ಬಸ್ಸು, ಹಗಲಲ್ಲಿ ಬರುವ ಕರೆಂಟು. ಇವುಗಳಲ್ಲಿ ಕರೆಂಟನ್ನು ಮುಂದಿಡಲು ಕಾರಣವಿದೆ. ಉಳಿದ ಓಡಾಟವನ್ನು ಹೆದರಿದ ಮನುಷ್ಯ ಹೇಗೋ ಮುಂದೂಡಿಯಾನು. ನಿಗಮ ಗೊತ್ತುಮಾಡಿದ ಹೊತ್ತನ್ನು ಮುಂದೂಡುವುದು ಅವನ ಕೈಯಲ್ಲಿಲ್ಲ.

ಕತ್ತಲಿನ ಗದ್ದೆಯಲ್ಲಿ ಚಿರತೆಗಿಂತ ದೊಡ್ಡ ಕೊಲೆಗಾರ ಇನ್ನೊಂದಿದೆ, ಅದರ ಸುದ್ದಿಗೆ ಮೆರವಣಿಗೆಯೂ ಇಲ್ಲ, ಸಚಿವರ ಭೇಟಿಯೂ ಇಲ್ಲ. ದೇಶದಲ್ಲಿ 2000ರಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಮಿಲಿಯನ್ ಡೆತ್ ಸ್ಟಡಿಯ ಅಂದಾಜು ಹೇಳುತ್ತದೆ. ಅವರಲ್ಲಿ ಬಹುಪಾಲು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವಿನವು. ಕೊಳಕುಮಂಡಲ, ನಾಗರ, ಕಟ್ಟುಹಾವು ಇರುವುದು ಇಲಿ, ಕಪ್ಪೆಗಳಿರುವಲ್ಲಿ, ಅಂದರೆ ನೀರು ಹರಿಯುವ ಬದುಗಳಲ್ಲೇ. ಬರಿಗಾಲಲ್ಲಿ ಅಥವಾ ಹವಾಯಿ ಚಪ್ಪಲಿಯಲ್ಲಿ ಕತ್ತಲೆಯ ಬದುವಿನ ಮೇಲೆ ನಡೆಯುವವನ ಪಾದಕ್ಕೂ ಆ ಹಾವಿಗೂ ನಡುವೆ ಏನೂ ಇರುವುದಿಲ್ಲ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಮೆಚ್ಚಬೇಕಾದ ನಿರ್ಧಾರ. ಆದರೆ ಆಸ್ಪತ್ರೆಯ ವರದಿಯಲ್ಲಿ ಇನ್ನೊಂದು ಅಂಕಣವೂ ಇರಬೇಕು: ಕಡಿದದ್ದು ಎಷ್ಟು ಹೊತ್ತಿಗೆ, ಆಗ ರೋಗಿ ನೀರು ಕಟ್ಟುತ್ತಿದ್ದರೇ? ಇದನ್ನು ಬರೆದಿಟ್ಟರೆ ಆ ರಾತ್ರಿ ಯಾವ ಫೀಡರಿನಲ್ಲಿ ಯಾವ ಪಾಳಿ ಇತ್ತು ಎಂಬುದರ ಜೊತೆ ಹೋಲಿಸಿ ನೋಡಬಹುದು. ರಾತ್ರಿ ಪಾಳಿಗೆ ಜನ ತೆರುತ್ತಿರುವ ಬೆಲೆ ಆಗ ಸರ್ಕಾರದ ಕಡತದಲ್ಲೇ ಕಾಣುತ್ತದೆ.

ಪುಕ್ಕಟೆ ಕರೆಂಟು ಪಡೆಯುವವರು ಹೊತ್ತನ್ನೂ ಆರಿಸಿಕೊಳ್ಳಬೇಕೇ ಎಂಬ ಮಾತು ಪಟ್ಟಣಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಬಿಲ್ಲಿಲ್ಲ ಎಂಬುದು ನಿಜ. ಸರ್ಕಾರ ಅದಕ್ಕೆ ಸಹಾಯಧನ ಕೊಡುತ್ತಿರುವುದು ಅನ್ನ, ಸಕ್ಕರೆ ಅಗ್ಗವಾಗಿ ಸಿಗಲೆಂದೂ ಹೌದು. ಅದನ್ನು ಉಣ್ಣುವವರಲ್ಲಿ ಈ ಮಾತು ಹೇಳುವವರೂ ಇದ್ದಾರೆ. ಸಹಾಯಧನ ಪಡೆದವನು ಜೀವದ ಹಕ್ಕನ್ನು ಒತ್ತೆ ಇಟ್ಟಂತಾಗುವುದಿಲ್ಲ. ಅದಿರಲಿ, ರಾತ್ರಿ ಪಾಳಿಯ ಹಿಂದಿದ್ದ ಲೆಕ್ಕವೇ ಈಗ ಹಳತಾಗಿದೆ. ಹಗಲಲ್ಲಿ ಕಾರ್ಖಾನೆ, ಕಚೇರಿಗಳಿಗೆ ಬೇಡಿಕೆ ಹೆಚ್ಚು, ರಾತ್ರಿ ಕಡಿಮೆ, ಆದ್ದರಿಂದ ರೈತನ ಪಾಲನ್ನು ರಾತ್ರಿಗೆ ತಳ್ಳಿದರೆ ಜಾಲದ ಮೇಲೆ ಹೊರೆ ಸಮನಾಗುತ್ತದೆ ಎಂಬುದು ಉಷ್ಣ ವಿದ್ಯುತ್ತಿನ ಕಾಲದ ಲೆಕ್ಕ. ಇವತ್ತು ಪಾವಗಡದ ಸೌರ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವಾಟ್. ಸೂರ್ಯನ ವಿದ್ಯುತ್ತು ಬರುವುದು ಹಗಲಲ್ಲೇ. ಕುಸುಮ್ ಯೋಜನೆಯ ಸಿ ಘಟಕದಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರ ಘಟಕ ಕಟ್ಟಿ ಆ ಫೀಡರಿನ ಪಂಪ್‌ಸೆಟ್ಟುಗಳಿಗೆ ಹಗಲು ಕರೆಂಟು ಕೊಡಬಹುದು. 2025ರಲ್ಲಿ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲಿ ಮುಖ್ಯಮಂತ್ರಿಗಳೇ ಅದಕ್ಕೆ ಚಾಲನೆ ಕೊಟ್ಟರು. ದಾರಿ ಗೊತ್ತಿದೆ, ದುಡ್ಡಿನ ಮೂಲ ಗೊತ್ತಿದೆ. ಉಳಿದಿರುವುದು ಯಾವ ಊರಿಗೆ ಮೊದಲು ಎಂಬುದು. ಜೀವ ಹೋದ ಊರಿಗೆ ಮೊದಲು ಎನ್ನುವುದಕ್ಕೆ ದೊಡ್ಡ ಚರ್ಚೆ ಬೇಕಿಲ್ಲ.

ಎಲ್ಲ ಚಿರತೆಗಳನ್ನೂ ಹಿಡಿದು ಕಾಡಿಗೆ ಬಿಟ್ಟರೆ ಮುಗಿಯಿತು ಎನ್ನುವವರಿಗೆ ಪುಣೆ ಜಿಲ್ಲೆಯ ಜುನ್ನರ್ ಉತ್ತರ ಕೊಟ್ಟಿದೆ. ಅದೂ ಕಬ್ಬಿನ ನಾಡು. ಅಲ್ಲಿ 2001ರಿಂದ ಚಿರತೆಗಳನ್ನು ಗದ್ದೆಗಳಿಂದ ಹಿಡಿದು ಕಾಡಿಗೆ ಬಿಡುವ ಕೆಲಸ ಜೋರಾಗಿ ನಡೆಯಿತು. ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ವರ್ಷಕ್ಕೆ ಸರಾಸರಿ ನಾಲ್ಕರಷ್ಟಿದ್ದ ಮನುಷ್ಯರ ಮೇಲಿನ ದಾಳಿ ಆ ನಂತರ ಹದಿನೇಳಕ್ಕೆ ಏರಿತು. ಗುರುತಿಲ್ಲದ ಜಾಗಕ್ಕೆ ಬಿದ್ದ ಪ್ರಾಣಿ ದಿಕ್ಕುಗೆಟ್ಟು ಅಲೆಯುತ್ತದೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಹೀಗಾಗಿಯೇ ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿ ಸ್ಥಳಾಂತರವನ್ನು ಪ್ರೋತ್ಸಾಹಿಸುವುದಿಲ್ಲ. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿರುವ ಚಿರತೆಗಳು 1,879. ಕಾಡಿನ ಗಡಿಯ ಆಚೆ ಬದುಕುವ ಚಿರತೆಗಳು ಬೇರೆ ಇವೆ. ಕಾವೇರಿ, ಕಪಿಲೆಯರ ಕಾಲುವೆ ಹರಿದ ಈ ಬಯಲಲ್ಲಿ ಕಬ್ಬು ಹನ್ನೆರಡು ತಿಂಗಳ ಕಾಡು. ನೆರಳಿದೆ, ನೀರಿದೆ, ಹಂದಿ, ನಾಯಿಗಳಿವೆ, ಮರಿ ಹಾಕಲು ಜಾಗವಿದೆ. ಮನುಷ್ಯನನ್ನು ಕೊಂದ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 2023ರಲ್ಲಿ ಮೈಸೂರಿನಲ್ಲಿ ರಚಿಸಿದ ಚಿರತೆ ಕಾರ್ಯಪಡೆಯ ಕೆಲಸ ಅದಕ್ಕಾಗಿಯೇ ಅಗತ್ಯ. ಎಲ್ಲವನ್ನೂ ಖಾಲಿ ಮಾಡುತ್ತೇವೆ ಎಂಬ ಭರವಸೆ ಮಾತ್ರ ಯಾರೂ ಈಡೇರಿಸಲಾಗದ್ದು. ನಂಜನಗೂಡಿನ ಹೆಡಿಯಾಲ ಭಾಗದ ಹುಲಿಯ ಕಥೆ ಬೇರೆ. 2023ರ ನವೆಂಬರ್‌ನಲ್ಲಿ ಬಳ್ಳೂರುಹುಂಡಿಯ ಹೆಂಗಸು ದನ ಮೇಯಿಸುವಾಗ ಹುಲಿಗೆ ಬಲಿಯಾದದ್ದು ಬಂಡೀಪುರದ ಅಂಚಿನಲ್ಲಿ, ಅದೂ ಹಗಲಿನಲ್ಲಿ. ಅಲ್ಲಿ ಬೇಕಾದದ್ದು ಕಾಡಂಚಿನ ಕಾವಲು, ಹಗಲು ಕರೆಂಟಿನಿಂದ ಅದು ಬಗೆಹರಿಯುವುದಿಲ್ಲ.

ಕಬ್ಬಿನ ವಿಚಾರದಲ್ಲಿ ಸಕ್ಕರೆ ಉದ್ಯಮವೂ ಹೊಣೆ ಹೊರಬೇಕು. ದಾಳಿಗಳ ನಂತರ ಊರ ಸುತ್ತಲ ಕಬ್ಬನ್ನು ಆದ್ಯತೆಯ ಮೇಲೆ ಕಟಾವು ಮಾಡಿಸುವಂತೆ ಜಿಲ್ಲಾಡಳಿತ ಸೂಚಿಸಿತು. ಆದರೆ ಕಟಾವು ಯಾವಾಗ ಎಂಬುದು ರೈತನ ಕೈಯಲ್ಲಿಲ್ಲ. ಕಾರ್ಖಾನೆಯ ಕಟಾವು ಆದೇಶ ಬರಬೇಕು, ಕೂಲಿಯಾಳುಗಳ ತಂಡ ಬರಬೇಕು. ತಡವಾಯಿತೆಂದು ಕಬ್ಬು ಬೆಳೆಗಾರರು ರಸ್ತೆಗಿಳಿಯುವುದು ಈ ಭಾಗದಲ್ಲಿ ಹೊಸದಲ್ಲ. ಮನೆಗಳಿಗೆ ಅಂಟಿದ ಗದ್ದೆಗೆ ಮೊದಲ ಸರದಿ ಎಂಬ ನಿಯಮವನ್ನು ಪ್ರತಿ ಹಂಗಾಮಿಗೂ ಕಟಾವು ಪಟ್ಟಿಯಲ್ಲೇ ಸೇರಿಸಿದರೆ ಸಾವಾಗುವವರೆಗೆ ಕಾಯಬೇಕಿಲ್ಲ. ಇನ್ನೊಂದು ಅನ್ಯಾಯವನ್ನೂ ಗಮನಿಸಿ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಾರ್ಖಾನೆಯ ಒಳಗೆ ರಾತ್ರಿ ಪಾಳಿ ಮಾಡುವ ಕಾರ್ಮಿಕನಿಗೆ ಸಾಕಷ್ಟು ಬೆಳಕಿರಬೇಕು, ರಕ್ಷಣಾ ಸಾಧನ ಕೊಡಬೇಕು ಎಂದು ಕಾನೂನು ಹೇಳುತ್ತದೆ, ಕೇಳಲು ಇನ್ಸ್‌ಪೆಕ್ಟರ್ ಇದ್ದಾರೆ. ಅಂಥ ಕಾರ್ಖಾನೆಗಳಿಗೆ ಕಬ್ಬು ಬೆಳೆಯಲು ರಾತ್ರಿಯಿಡೀ ನೀರು ಕಟ್ಟುವ ಸಣ್ಣ ರೈತ, ಅವನ ಹೆಂಡತಿ, ಅವರು ಕರೆದ ಒಬ್ಬಿಬ್ಬರು ಆಳುಗಳು ಈ ಕಾನೂನಿನ ಹೊರಗೆ. ಹೊಸ ಕಾರ್ಮಿಕ ಸಂಹಿತೆಯೂ ಸಾಮಾನ್ಯವಾಗಿ ಹತ್ತು ಜನರಿಗಿಂತ ಕಡಿಮೆ ದುಡಿಯುವ ಕಡೆ ಹೆಜ್ಜೆ ಇಡುವುದಿಲ್ಲ. ಕಾನೂನು ಬದಲಾಗುವುದಕ್ಕೆ ಕಾಯದೆ ಗಮ್‌ಬೂಟು, ಒಳ್ಳೆಯ ತಲೆಬ್ಯಾಟರಿ ಕೊಡಿಸುವುದನ್ನು ಕೃಷಿ ಇಲಾಖೆ ಇವತ್ತೇ ಶುರುಮಾಡಬಹುದು. ಬಿತ್ತನೆ ಬೀಜಕ್ಕೆ ಸಹಾಯಧನ ಇರುವಾಗ ಬಿತ್ತುವವನ ಕಾಲಿಗೆ ಏಕಿಲ್ಲ?

ಪರಿಹಾರದ ಮೊತ್ತವನ್ನು ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದ್ದು ಆಗ ದೊಡ್ಡ ಸುದ್ದಿಯಾಯಿತು. ಕಳೆದುಕೊಂಡ ಮನೆಗೆ ಅದು ಬೇಕು, ಬೇಗ ಸಿಗಬೇಕು. ಸಾವಿನ ನಂತರ ಬರುವ ಹಣದಿಂದ ಮುಂದಿನ ಸಾವು ತಪ್ಪುವುದಿಲ್ಲ. ಘಟನೆಯ ಬಿಸಿಯಲ್ಲಿ ಕೆಲವು ದಿನ ಹಗಲು ಕರೆಂಟು ಕೊಟ್ಟು, ಊರು ತಣ್ಣಗಾದ ಮೇಲೆ ಹಳೆಯ ಪಾಳಿಗೆ ಮರಳಿದರೂ ಪ್ರಯೋಜನವಿಲ್ಲ.

ಆದ್ದರಿಂದ ಟಿ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ ಚಿರತೆಯ ಮಾತು ಬಂದಾಗ ಬೋನು ಕೇಳುವ ಜೊತೆಗೆ ನಿಮ್ಮೂರಿನ ಪಂಪ್‌ಸೆಟ್ ಫೀಡರಿನ ಹೆಸರು ಬರೆದು, ಅದಕ್ಕೆ ವರ್ಷವಿಡೀ ಹಗಲಿನಲ್ಲೇ ತ್ರೀ ಫೇಸ್ ಕೊಡಬೇಕೆಂದು ನಿರ್ಣಯ ಮಾಡಿಸಿ. ಅದರ ಒಂದು ಪ್ರತಿಯನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಇನ್ನೊಂದನ್ನು ಜಿಲ್ಲಾಧಿಕಾರಿಗಳಿಗೆ ಕಳಿಸಿ, ಸ್ವೀಕೃತಿ ಪಡೆದು ಪಂಚಾಯಿತಿಯಲ್ಲಿ ಇಟ್ಟುಕೊಳ್ಳಿ. ಅವರಿಂದ ಬರವಣಿಗೆಯಲ್ಲಿ ಉತ್ತರ ಬರುವವರೆಗೂ ಬಿಡಬೇಡಿ.