ಆಮಿಷವೆಂಬ ಮಾತು ಮತ್ತು ಅರ್ಧ ಬರೆದ ಚರಿತ್ರೆ: ಯಾಳ್ಪಾಣದ ಸ್ಕಡರ್ ದಂಪತಿಯನ್ನು ಕುರಿತು

ಮಿಷನರಿ ವೈದ್ಯರ ಚರಿತ್ರೆಯನ್ನು ಬರೆಯುವವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದ ದೃಷ್ಟಿಯಲ್ಲಿ ಆ ವೈದ್ಯನು ಕರುಣೆಯೇ ಮೈವೆತ್ತು ಬಂದವನು. ಇನ್ನೊಂದು ಪಂಗಡದ ದೃಷ್ಟಿಯಲ್ಲಿ ಅವನು ಔಷಧದ ಸೀಸೆಯಲ್ಲಿ ಮತಾಂತರವನ್ನು ಬಚ್ಚಿಟ್ಟುಕೊಂಡು ಬಂದವನು. ಈ ಎರಡು ಪಂಗಡಗಳು ಬಹುಕಾಲದಿಂದ ಕಾದಾಡುತ್ತಿದ್ದರೂ ಎರಡರ ಕೈಯಲ್ಲಿರುವ ಆಕರಗಳು ಒಂದೇ ಎಂಬುದು ಸೋಜಿಗದ ಸಂಗತಿ. ಅಮೆರಿಕದ ಮಿಷನ್ ಮಂಡಳಿಗೆ ಪ್ರಚಾರಕರು ಬರೆದು ಕಳುಹಿಸಿದ ಪತ್ರಗಳು, ಅವುಗಳನ್ನು ಆಯ್ದು ಅಚ್ಚು ಮಾಡಿದ ‘ಮಿಷನರಿ ಹೆರಾಲ್ಡ್’ ಎಂಬ ಪತ್ರಿಕೆ, ತೀರಿಕೊಂಡವರನ್ನು ಕುರಿತು ಬಂಧುಗಳು ಬರೆದ ಜೀವನಚರಿತ್ರೆಗಳು, ಇಷ್ಟೇ. ಒಬ್ಬರು ಇವುಗಳನ್ನು ಭಕ್ತಿಯಿಂದ ಓದುತ್ತಾರೆ, ಇನ್ನೊಬ್ಬರು ರೋಷದಿಂದ ಓದುತ್ತಾರೆ. ಆಕರಗ್ರಂಥವೆಂದು ಪರೀಕ್ಷಿಸಿ ಓದುವವರು ವಿರಳ. ಶಾಸನದ ಪ್ರಶಸ್ತಿಭಾಗವನ್ನು ಇತಿಹಾಸವೆಂದು ಒಪ್ಪದ ಕನ್ನಡದ ಸಂಶೋಧಕರು ಕೂಡ ಮಿಷನರಿ ಪತ್ರಗಳ ಮುಂದೆ ಆ ಎಚ್ಚರವನ್ನು ಮರೆಯುತ್ತಾರೆ. ಜಾನ್ ಸ್ಕಡರ್ ಮತ್ತು ಹ್ಯಾರಿಯೆಟ್ ಸ್ಕಡರ್ ದಂಪತಿಯ ಚರಿತ್ರೆ ಈ ಮರೆವಿಗೆ ಒಳ್ಳೆಯ ನಿದರ್ಶನ.

ಜಾನ್ ಸ್ಕಡರ್ ನ್ಯೂಯಾರ್ಕ್ ನಗರದಲ್ಲಿ ವೃತ್ತಿಯನ್ನು ಚೆನ್ನಾಗಿಯೇ ನಡೆಸುತ್ತಿದ್ದ ವೈದ್ಯರು. 1793ರಲ್ಲಿ ಹುಟ್ಟಿದವರು. ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನ್ಯೂಯೆಲ್ ಎಂಬ ಪ್ರಚಾರಕರು ಬರೆದ, ಅರುವತ್ತು ಕೋಟಿ ಅನ್ಯಧರ್ಮೀಯರ ಉದ್ಧಾರವನ್ನು ಕುರಿತ ಒಂದು ಕಿರುಹೊತ್ತಗೆ ಅವರ ಕೈಗೆ ಸಿಕ್ಕಿತು. ಅದನ್ನು ಓದಿ ಅವರು ವೃತ್ತಿಯನ್ನು ಬಿಟ್ಟರು. 1819ರ ಜೂನ್ ತಿಂಗಳಲ್ಲಿ ಬಾಸ್ಟನ್ ಬಂದರಿನಿಂದ ‘ಇಂಡಸ್’ ಎಂಬ ಹಡಗು ಹೊರಟಾಗ ಅದರಲ್ಲಿ ಸ್ಕಡರ್ ದಂಪತಿಯ ಜೊತೆಗೆ ವಿನ್‌ಸ್ಲೊ, ಸ್ಪಾಲ್ಡಿಂಗ್ ಮತ್ತು ವುಡ್‌ವರ್ಡ್ ದಂಪತಿಗಳೂ ಇದ್ದರು. ಅವರ ಗುರಿ ಸಿಂಹಳದ್ವೀಪದ ಉತ್ತರದ ತುದಿ, ತಮಿಳರ ಯಾಳ್ಪಾಣ. ದಾರಿಯಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ ಸ್ಕಡರ್ ದಂಪತಿಯ ಎಳೆಯ ಮಗಳು ತೀರಿಕೊಂಡಳು. ವೈದ್ಯನ ಮೊದಲ ಭಾರತದರ್ಶನ ಸ್ವಂತ ಮಗುವಿನ ಸಾವಿನೊಂದಿಗೆ ಆಯಿತು. 1820ರಲ್ಲಿ ಅವರಿಗೆ ಪಾದ್ರಿಯ ದೀಕ್ಷೆಯೂ ದೊರೆಯಿತು. ಪಂಡತ್ತರಿಪ್ಪು ಎಂಬ ಹಳ್ಳಿ ಅವರ ನೆಲೆಯಾಯಿತು.

ಅವರನ್ನು ‘ಜಗತ್ತಿನ ಮೊದಲ ವೈದ್ಯ ಮಿಷನರಿ’ ಎಂದು ಕೊಂಡಾಡುವ ಬರಹಗಳು ಇಂದಿಗೂ ಅಚ್ಚಾಗುತ್ತಿವೆ. ಇದು ತಪ್ಪು. ವಿಲಿಯಂ ಕೇರಿಯವರೊಡನೆ 1793ರಲ್ಲಿ ಬಂಗಾಳಕ್ಕೆ ಬಂದ ಜಾನ್ ಥಾಮಸ್ ವೃತ್ತಿಯಿಂದ ಶಸ್ತ್ರವೈದ್ಯರೇ ಆಗಿದ್ದರು. ಅಮೆರಿಕದಿಂದ ಹೊರಟವರಲ್ಲಿ ಸ್ಕಡರ್ ಮೊದಲಿಗರು ಎಂದರೆ ಸಾಕು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಈಗ ಆಮಿಷದ ಮಾತಿಗೆ ಬರಬಹುದು. ಔಷಧವನ್ನು ತೋರಿಸಿ ಧರ್ಮವನ್ನು ಕಸಿದರು ಎಂಬ ಆರೋಪ ನಿಲ್ಲಬೇಕಾದರೆ ಆ ಔಷಧ ರೋಗವನ್ನು ಗುಣಪಡಿಸುವಂಥದ್ದಾಗಿರಬೇಕು. 1819ರ ಪಾಶ್ಚಾತ್ಯ ವೈದ್ಯದ ಸಂಚಿಯಲ್ಲಿ ಏನಿತ್ತೆಂಬುದನ್ನು ಆರೋಪ ಹೊರಿಸುವವರು ನೋಡಿಲ್ಲ, ಹೊಗಳುವವರೂ ನೋಡಿಲ್ಲ. ರಕ್ತ ಬಿಡಿಸುವ ಕತ್ತಿ, ಪಾದರಸದ ಕ್ಯಾಲೊಮೆಲ್, ಅಫೀಮಿನ ದ್ರಾವಣ, ವಾಂತಿ ಮತ್ತು ಭೇದಿಯ ಮದ್ದುಗಳು ಇದ್ದವು. 1817ರಿಂದ ಬಂಗಾಳದಲ್ಲಿ ಹಬ್ಬಿ ದ್ವೀಪಕ್ಕೂ ದಾಟಿದ್ದ ಕಾಲರಾ ರೋಗಕ್ಕೆ ಇವುಗಳಲ್ಲಿ ಯಾವುದೂ ಪರಿಹಾರವಾಗಿರಲಿಲ್ಲ. ಈಥರ್ ಕೊಟ್ಟು ಅರಿವಳಿಕೆ ಮಾಡುವುದು ಬಾಸ್ಟನ್ನಿನಲ್ಲಿ ಬಹಿರಂಗವಾಗಿ ಸಾಬೀತಾದದ್ದೇ 1846ರಲ್ಲಿ. ಅಲ್ಲಿಯವರೆಗೆ ಶಸ್ತ್ರಚಿಕಿತ್ಸೆಯೆಂದರೆ ರೋಗಿಯ ಎಚ್ಚರದಲ್ಲೇ ನಡೆಯುವ ಕೊಯ್ತ. ಸಿಡುಬಿನ ದೇವಿ ಹಾಕುವುದೊಂದು ನಿಜವಾದ ರಕ್ಷೆಯಾಗಿತ್ತು. ಅದನ್ನು ದ್ವೀಪಕ್ಕೆ ತಂದದ್ದು ಮಿಷನ್ ಅಲ್ಲ, ಸ್ಕಡರ್ ಬರುವುದಕ್ಕೆ ಬಹು ಮೊದಲೇ ಬ್ರಿಟಿಷ್ ಸರಕಾರ. ಗಡ್ಡೆಯನ್ನು ತೆಗೆಯುವುದರಲ್ಲಿ, ಕಣ್ಣಿನ ಪೊರೆಯನ್ನು ಸರಿಸುವುದರಲ್ಲಿ ಪಾಶ್ಚಾತ್ಯ ವೈದ್ಯನ ಕೈಚಳಕಕ್ಕೆ ಬೆಲೆ ಇತ್ತೆಂಬುದು ನಿಜ. ಉಳಿದಂತೆ ಪಂಡತ್ತರಿಪ್ಪುವಿನ ರೋಗಿಗೆ ಸಿದ್ಧವೈದ್ಯನ ಚೂರ್ಣವೂ ಸ್ಕಡರರ ಕ್ಯಾಲೊಮೆಲ್ಲೂ ಎದುರಿಗಿದ್ದ ಎರಡು ದಾರಿಗಳು. ಒಂದು ಫಲಿಸದಿದ್ದರೆ ಅವನು ಇನ್ನೊಂದನ್ನು ಹಿಡಿಯುತ್ತಿದ್ದನು. ರೋಗಿಗೂ ವಿವೇಕವಿತ್ತೆಂಬುದನ್ನು ಒಪ್ಪಿದ ಕೂಡಲೇ ಆಮಿಷದ ವಾದ ಅರ್ಧ ಕುಸಿಯುತ್ತದೆ.

ಇನ್ನರ್ಧವನ್ನು ಕೆಡಹುವವರು ಸ್ವತಃ ಮಿಷನ್ನಿನ ಅಧಿಕಾರಿಗಳು. ಅಮೆರಿಕದ ಮಂಡಳಿಯನ್ನು ದೀರ್ಘಕಾಲ ನಡೆಸಿದ ರೂಫಸ್ ಆಂಡರ್ಸನ್ ಅವರಿಗೆ ಉಪದೇಶವೇ ಮುಖ್ಯ. ಶಾಲೆ, ವೈದ್ಯ, ಮುದ್ರಣಾಲಯ ಎಲ್ಲವೂ ಅದರ ಅಡಿಯಾಳುಗಳು. 1854–55ರಲ್ಲಿ ಅವರು ಭಾರತ ಮತ್ತು ಸಿಂಹಳಗಳಲ್ಲಿ ಸಂಚರಿಸಿ ಲೆಕ್ಕ ನೋಡಿದರು. ಅದರ ಬೆನ್ನಿಗೇ, 1823ರಿಂದ ನಡೆದುಬಂದಿದ್ದ ವಟ್ಟುಕೋಟ್ಟೈ ವಿದ್ಯಾಲಯವನ್ನು ಮುಚ್ಚಲಾಯಿತು. ಗಣಿತ, ಖಗೋಳ, ಇಂಗ್ಲಿಷ್, ತಮಿಳು ಸಾಹಿತ್ಯ ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು. ಆದರೆ ಕಲಿತ ಹುಡುಗರು ಸರಕಾರಿ ಕೆಲಸಕ್ಕೆ ಹೋಗುತ್ತಿದ್ದರೇ ಹೊರತು ಮಂಡಳಿ ಬಯಸಿದಂತೆ ಉಪದೇಶಿಗಳಾಗಲಿಲ್ಲ. ಆಮಿಷ ಕೆಲಸ ಮಾಡಿದ್ದರೆ ಅದನ್ನು ಇಟ್ಟವರೇ ಏಕೆ ಹಿಂತೆಗೆದುಕೊಳ್ಳಬೇಕಿತ್ತು? ಯಾಳ್ಪಾಣದ ಜನ ಶಾಲೆಯನ್ನು ತೆಗೆದುಕೊಂಡರು, ಅಚ್ಚುಮೊಳೆಯನ್ನು ತೆಗೆದುಕೊಂಡರು, ಮದ್ದನ್ನೂ ತೆಗೆದುಕೊಂಡರು. ಶೈವವನ್ನು ಮಾತ್ರ ಬಹುಮಟ್ಟಿಗೆ ಬಿಡಲಿಲ್ಲ. ಮೆಥಡಿಸ್ಟ್ ಪಾದ್ರಿ ಪೀಟರ್ ಪರ್ಸಿವಲ್ ಅವರೊಡನೆ ಬೈಬಲಿನ ತಮಿಳು ಅನುವಾದಕ್ಕೆ ದುಡಿದ ಆರುಮುಗ ನಾವಲರ್ ಅವರೇ 1848ರಲ್ಲಿ ವಣ್ಣಾರ್‌ಪಣ್ಣೈಯಲ್ಲಿ ಶೈವರ ಪಾಠಶಾಲೆಯನ್ನು ತೆರೆದು, ಸ್ವಂತ ಮುದ್ರಣಾಲಯವನ್ನು ಹೂಡಿ, ಮಿಷನ್ನಿನ ಆಯುಧಗಳಿಂದಲೇ ಮಿಷನ್ನನ್ನು ಎದುರಿಸಿದರು. ವಂಚನೆಗೆ ಒಳಗಾದ ಮುಗ್ಧರೆಂದು ಒಂದು ಸಮಾಜವನ್ನು ಚಿತ್ರಿಸುವವರು ಅದರ ಪರವಾಗಿ ಮಾತಾಡುತ್ತಿದ್ದೇವೆಂದು ತಿಳಿದಿದ್ದಾರೆ. ಆ ಸಮಾಜದ ಬುದ್ಧಿಯನ್ನು ಅವರಷ್ಟು ಕೀಳಾಗಿ ಮಿಷನರಿಗಳೂ ಎಣಿಸಿರಲಿಲ್ಲ.

ಹಾಗಾದರೆ ಸ್ಕಡರ್ ನಿರ್ದೋಷಿಗಳೇ? ಖಂಡಿತ ಅಲ್ಲ. ಅವರ ಮೇಲಿನ ನಿಜವಾದ ಆಪಾದನೆ ಔಷಧದ ಪೆಟ್ಟಿಗೆಯಲ್ಲಿಲ್ಲ, ಬರಹದ ಮೇಜಿನ ಮೇಲಿದೆ. 1842ರಿಂದ 1846ರವರೆಗೆ ಅವರು ಅಮೆರಿಕದಲ್ಲಿದ್ದು ಊರೂರು ಸುತ್ತಿ ಮಕ್ಕಳ ಸಭೆಗಳಲ್ಲಿ ಮಾತಾಡಿದರು. ಮಕ್ಕಳಿಗೆಂದೇ ಪುಸ್ತಕಗಳನ್ನು ಬರೆದರು. ಆ ಪುಸ್ತಕಗಳಲ್ಲಿ ಭಾರತವೆಂದರೆ ವಿಗ್ರಹ, ಸಿಡಿ, ಸತಿ, ಕತ್ತಲೆ. ಹಗಲಲ್ಲಿ ಯಾರ ನಾಡಿಯನ್ನು ಹಿಡಿದರೋ ಅವರನ್ನೇ ಸಂಜೆಯ ಬರಹದಲ್ಲಿ ಬೊಂಬೆಗಳನ್ನಾಗಿ ಮಾಡಿ, ಸಾಗರದಾಚೆಯ ಕೂಸುಗಳ ಕಾಣಿಕೆ ಡಬ್ಬಿಯ ಮುಂದೆ ನಿಲ್ಲಿಸಿದರು. ರೋಗಿಗೆ ಇದರ ಸುಳಿವೇ ಇರಲಿಲ್ಲ; ಉತ್ತರ ಹೇಳುವ ಅವಕಾಶವೂ ಇರಲಿಲ್ಲ. ಮದ್ದನ್ನು ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿತ್ತು. ಈ ಚಿತ್ರವನ್ನು ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಮತಾಂತರದ ಅಂಕಿಗಳನ್ನು ಹಿಡಿದು ಜಗಳಾಡುವ ಸಂಶೋಧಕರು ಈ ಸಾಹಿತ್ಯವನ್ನು ಬಾಲಸಾಹಿತ್ಯವೆಂದು ಬದಿಗಿಟ್ಟಿದ್ದಾರೆ. ಒಂದಿಡೀ ಪೀಳಿಗೆಯ ಅಮೆರಿಕದ ಮಕ್ಕಳು ಭಾರತವನ್ನು ಮೊದಲು ಕಂಡದ್ದು ಇಂಥ ಹಾಳೆಗಳಲ್ಲಿ ಎಂಬುದನ್ನು ನೆನೆದರೆ, ಸಾಹಿತ್ಯದ ವಿದ್ಯಾರ್ಥಿಗಳು ಮೊದಲು ಕೈಹಾಕಬೇಕಾದದ್ದು ಇಲ್ಲಿಗೇ ಎಂಬುದು ಸ್ಪಷ್ಟ.

ಎರಡೂ ಪಂಗಡಗಳು ಕೂಡಿಯೇ ಮಾಡಿದ ಇನ್ನೊಂದು ಅನ್ಯಾಯವಿದೆ. ಈ ದಂಪತಿಯಲ್ಲಿ ಒಬ್ಬರನ್ನು ಅವು ಅಳಿಸಿಹಾಕಿವೆ. ಪ್ರಚಲಿತ ಕಥನದಲ್ಲಿ ಹ್ಯಾರಿಯೆಟ್ ವಾಟರ್‌ಬರಿ ಅವರಿಗೆ ಸಿಗುವ ಪಾತ್ರ ಒಂದೇ: ಗಂಡ ಸಂಕಲ್ಪ ಮಾಡಿದಾಗ ‘ಆಗಲಿ’ ಎನ್ನುವುದು. ಸ್ಕಡರರ ಜೀವನಚರಿತ್ರೆಯನ್ನು ಬರೆದವರು ಹ್ಯಾರಿಯೆಟ್ ಅವರ ತವರಿನ ಕಡೆಯ ಜೆ. ಬಿ. ವಾಟರ್‌ಬರಿ; ಅಲ್ಲಿಯೂ ನಾಯಕ ಅಳಿಯನೇ ಹೊರತು ಮನೆಮಗಳಲ್ಲ. ಮಂಡಳಿಯ ಪಟ್ಟಿಗಳಲ್ಲಿ ಹೆಂಡತಿಯರ ಹೆಸರು ‘ಸಹಾಯಕ ಮಿಷನರಿ’ ಎಂಬ ತಲೆಬರಹದ ಕೆಳಗೆ ಬರುತ್ತದೆ. ವಿವಾಹಿತರನ್ನೇ ಕಳುಹಿಸಬೇಕೆಂಬ ಒಲವು ಮಂಡಳಿಗೆ ಇದ್ದದ್ದು ಏಕೆ? ಮನೆಯೊಳಕ್ಕೆ, ಹೆಂಗಸರಿದ್ದ ಹಿತ್ತಲಿಗೆ, ಪರದೇಶದ ಗಂಡಸಿಗೆ ಪ್ರವೇಶವಿರಲಿಲ್ಲ, ಹೆಂಡತಿಗೆ ಇತ್ತು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು, ವಸತಿಶಾಲೆಯ ಅನ್ನ, ಬಟ್ಟೆ, ಕಾಯಿಲೆಗಳನ್ನು ನೋಡಿಕೊಳ್ಳುವುದು ಈ ‘ಸಹಾಯಕ’ರ ಪಾಲಿನ ಕೆಲಸವಾಗಿತ್ತು. ಅದೇ ‘ಇಂಡಸ್’ ಹಡಗಿನಲ್ಲಿ ಬಂದ ಇನ್ನೊಬ್ಬ ಹ್ಯಾರಿಯೆಟ್, ಮಿರಾನ್ ವಿನ್‌ಸ್ಲೊ ಅವರ ಪತ್ನಿ, 1824ರಲ್ಲಿ ಉಡುವಿಲ್ ಎಂಬಲ್ಲಿ ಹುಡುಗಿಯರ ವಸತಿಶಾಲೆಯನ್ನು ಆರಂಭಿಸಿದರು. ಆ ಶಾಲೆ ಇಂದಿಗೂ ನಡೆಯುತ್ತಿದೆ. 1833ರಲ್ಲಿ ಆಕೆ ತೀರಿಕೊಂಡ ಮೇಲೆ ಗಂಡನೇ ಆಕೆಯ ಜೀವನಚರಿತ್ರೆಯನ್ನು ಪ್ರಕಟಿಸಿದರು. ಸಾಯದೆ ಇದ್ದಿದ್ದರೆ ಆಕೆಗೂ ಒಂದು ಪುಸ್ತಕ ಸಿಗುತ್ತಿರಲಿಲ್ಲವೇನೋ! ಸ್ಕಡರರ ಹ್ಯಾರಿಯೆಟ್ ಅವರಿಗೆ ಆ ಭಾಗ್ಯವೂ ಒದಗಲಿಲ್ಲ. ಮಗುವಿನ ನಂತರ ಮಗುವನ್ನು ಹೆತ್ತು, ಕೆಲವರನ್ನು ಮಣ್ಣಿಗಿಟ್ಟು, ಉಳಿದವರನ್ನು ಓದಿಗಾಗಿ ಸಾಗರದಾಚೆಗೆ ಕಳುಹಿಸಿ, 1836ರಲ್ಲಿ ಗಂಡನೊಡನೆ ಮದರಾಸಿಗೆ ಬಂದು, 1849ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ 1849ರಲ್ಲಿ ಅಮೆರಿಕದಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್ ವೈದ್ಯಪದವಿಯನ್ನು ಪಡೆದ ಅಲ್ಲಿನ ಮೊದಲ ಹೆಣ್ಣಾದರು. ಏಳು ಗಂಡುಮಕ್ಕಳು ಭಾರತದಲ್ಲಿಯೇ ಮಿಷನರಿಗಳಾದರೆಂಬುದು ಜಾನ್ ಸ್ಕಡರರ ಕೀರ್ತಿಯೆಂದು ಎಲ್ಲೆಡೆ ಬರೆಯಲಾಗಿದೆ. ಹೆತ್ತವಳಿಗೂ ಅದರಲ್ಲಿ ಕೈಯಿತ್ತೆಂದು ಬರೆಯುವುದಕ್ಕೆ ಯಾವ ದಾಖಲೆ ಬೇಕಾಗಿತ್ತೋ ತಿಳಿಯದು.

ಮೊಮ್ಮಗಳು ಐಡಾ ಸ್ಕಡರ್ ವಿಷಯದಲ್ಲಿ ಕಥನದ ದಿಕ್ಕು ತಿರುಗುತ್ತದೆ. ಒಂದೇ ರಾತ್ರಿ ಮೂವರು ಗಂಡಸರು ಬಂದು ಹೆರಿಗೆಯ ಸಂಕಟದಲ್ಲಿದ್ದ ಹೆಂಡಿರಿಗಾಗಿ ಆಕೆಯನ್ನು ಕರೆದದ್ದು, ಗಂಡಸಾದ ವೈದ್ಯ ತಂದೆಯನ್ನು ಒಲ್ಲೆವೆಂದದ್ದು, ಮೂವರೂ ಹೆಂಗಸರು ಸತ್ತದ್ದು ಬಹುಪ್ರಸಿದ್ಧ ಕಥೆ. ಐಡಾ 1899ರಲ್ಲಿ ಕಾರ್ನೆಲ್‌ನಿಂದ ವೈದ್ಯಪದವಿ ಪಡೆದು ಹಿಂದಿರುಗಿ, 1918ರಲ್ಲಿ ವೆಲ್ಲೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆಯನ್ನು ತೆರೆದರು. ಈ ಕಥೆಯನ್ನು ಹೇಳುವವರು ಅಲ್ಲಿ ದೈವದ ಕರೆಯನ್ನು ಕಾಣುತ್ತಾರೆ. ಆ ಮನೆತನದ ಮೊದಲ ಹ್ಯಾರಿಯೆಟ್ ಪಂಡತ್ತರಿಪ್ಪುವಿನ ಹಿತ್ತಲುಗಳಿಗೆ ಹೋಗಬಲ್ಲವರಾಗಿದ್ದರೂ ವೈದ್ಯವನ್ನು ಕಲಿಯಲಾರದವರಾಗಿದ್ದರು, ಆ ಬಾಗಿಲನ್ನು ಮುಚ್ಚಿದ್ದು ತಮಿಳು ಗಂಡಸರಲ್ಲ, ನ್ಯೂಯಾರ್ಕಿನ ವೈದ್ಯಕಾಲೇಜು ಎಂಬುದನ್ನು ಯಾರೂ ಹೇಳುವುದಿಲ್ಲ.

ಭಾಷೆಯ ವಿಚಾರದಲ್ಲಿ ಕನ್ನಡದ ಓದುಗರು ಗಮನಿಸಬೇಕಾದ ಒಬ್ಬರು ಸ್ಕಡರ್ ಅಲ್ಲ, ಅವರ ನಂತರ 1847ರಲ್ಲಿ ಯಾಳ್ಪಾಣಕ್ಕೆ ಬಂದ ಸ್ಯಾಮ್ಯುಯೆಲ್ ಫಿಸ್ಕ್ ಗ್ರೀನ್. ಮಾನಿಪಾಯ್ ಎಂಬಲ್ಲಿ ನೆಲೆಸಿ ತಮಿಳು ಹುಡುಗರಿಗೆ ವೈದ್ಯವನ್ನು ಕಲಿಸಿದರು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತಮಿಳಿನಲ್ಲಿಯೇ. ಅಂಗರಚನೆ, ಪ್ರಸೂತಿ, ಶಸ್ತ್ರಚಿಕಿತ್ಸೆಗಳ ಪಾಠಗ್ರಂಥಗಳನ್ನು ಶಿಷ್ಯರ ನೆರವಿನಿಂದ ತಮಿಳಿಗೆ ತಂದು ಅಚ್ಚು ಮಾಡಿಸಿದರು. ಒಂದೊಂದು ಪಾರಿಭಾಷಿಕ ಪದಕ್ಕೂ ಸಂಸ್ಕೃತ, ತಮಿಳುಗಳನ್ನು ಜಾಲಾಡಿದರು. ಅವರೂ ಮತಪ್ರಚಾರಕರೇ, ಅದನ್ನು ಮುಚ್ಚಿಟ್ಟವರಲ್ಲ. ಆದರೆ ಕ್ರೈಸ್ತನಾಗುವುದೆಂದರೆ ಕೋಟು ತೊಡುವುದಲ್ಲ ಎಂಬ ನಿಲುವು ಅವರದು. ಕರ್ನಾಟಕದ ಮಿಷನರಿ ಅಧ್ಯಯನ ಇಂದಿಗೂ 1843ರ ‘ಮಂಗಳೂರ ಸಮಾಚಾರ’ದಿಂದ ಹೊರಟು 1894ರ ಕಿಟ್ಟೆಲ್ ನಿಘಂಟಿನಲ್ಲಿ ನಿಲ್ಲುತ್ತದೆ, ಉಡುಪಿಯಲ್ಲಿ 1923ರಲ್ಲಿ ಈವಾ ಲೊಂಬಾರ್ಡ್ ತೆರೆದ ಆಸ್ಪತ್ರೆ ಸಾಹಿತ್ಯದವರ ಕಣ್ಣಿಗೆ ಬೀಳುವುದೇ ಇಲ್ಲ. ನಿಘಂಟುಕಾರನನ್ನು ವಿದ್ವಾಂಸನೆಂದೂ ವೈದ್ಯನನ್ನು ಬರಿಯ ಮತಪ್ರಚಾರಕನೆಂದೂ ಬೇರ್ಪಡಿಸುವ ಈ ಪದ್ಧತಿಗೆ ಯಾವ ಆಧಾರವೂ ಇಲ್ಲ. ‘ಇಂಡಸ್’ ಹಡಗಿನಲ್ಲಿ ಸ್ಕಡರರೊಡನೆ ಬಂದ ಮಿರಾನ್ ವಿನ್‌ಸ್ಲೊ ಅವರೇ 1862ರ ದೊಡ್ಡ ತಮಿಳು–ಇಂಗ್ಲಿಷ್ ನಿಘಂಟನ್ನು ಹೊರತಂದವರು. ಒಂದೇ ಹಡಗು, ಒಂದೇ ಮಂಡಳಿ, ಒಂದೇ ಉದ್ದೇಶ. ನಿಘಂಟನ್ನು ಕ್ಷಮಿಸುವವರು ಮದ್ದನ್ನು ಏಕೆ ಕ್ಷಮಿಸುವುದಿಲ್ಲ? ಮದ್ದನ್ನು ಶಂಕಿಸುವವರು ನಿಘಂಟನ್ನು ಏಕೆ ಶಂಕಿಸುವುದಿಲ್ಲ?

ಜೈನಸಾಹಿತ್ಯದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ದೂರದ್ದೆಂದು ತಳ್ಳಿಹಾಕುವಂತಿಲ್ಲ. ತೋಲಾಮೊಳಿತ್ತೇವರ್ ರಚಿಸಿದ ‘ಚೂಳಾಮಣಿ’ ತಮಿಳಿನ ಜೈನಕಾವ್ಯ. ಓಲೆಗರಿಗಳಲ್ಲಿ ಉಳಿದಿದ್ದ ಅದನ್ನು 1889ರಲ್ಲಿ ಸಂಪಾದಿಸಿ ಅಚ್ಚಿಗೆ ತಂದವರು ಸಿ. ವೈ. ತಾಮೋದರಂ ಪಿಳ್ಳೈ. ಅವರು ಜೈನರಲ್ಲ, ಯಾಳ್ಪಾಣದ ಶೈವರು. ಪಾಠಾಂತರಗಳನ್ನು ಕೂಡಿಸಿ ನೋಡುವ ಆ ಬುದ್ಧಿಗೆ ಮೊದಲ ಸಾಣೆ ಸಿಕ್ಕಿದ್ದು, ಉಪದೇಶಿಗಳನ್ನು ಹೆರಲಿಲ್ಲವೆಂದು ಆಂಡರ್ಸನ್ನರ ಲೆಕ್ಕದಲ್ಲಿ ಸೋತುಹೋದ ಆ ವಟ್ಟುಕೋಟ್ಟೈ ವಿದ್ಯಾಲಯದಲ್ಲಿ.