ಶಾಲೆ ಉಳಿಸುವುದು ದಾನಿಗಳ ಕೆಲಸವೇ?
ಬಂಟ್ವಾಳದ ದಡ್ಡಲಕಾಡಿನಲ್ಲಿ ಊರವರೇ ಸರ್ಕಾರಿ ಶಾಲೆ ಉಳಿಸಿಕೊಂಡರು; ಹಾಗಾಗಿ ಬೇಕಿರುವುದು ಹೆಚ್ಚಿನ ಅನುದಾನವಲ್ಲ, ಊರಿನ ಉತ್ಸಾಹ ಎಂಬ ವಾದ ಪ್ರಕಟವಾಗಿದೆ. ಮುಚ್ಚುವ ಹಂತದಲ್ಲಿದ್ದ ಆ ಶಾಲೆಗೆ ಊರವರು ಜೀವ ತುಂಬಿದ್ದು ನಿಜ, ಅವರಿಗೆ ಕೈಮುಗಿಯುತ್ತೇನೆ. ಆದರೆ ಮಕ್ಕಳು ಬಂದ ಮೇಲೆ ಪಾಠ ಮಾಡುವವರು ಯಾರು? ದಾನಿಗಳು ಕೊಠಡಿ ಕಟ್ಟಿಸಬಹುದು. ಸರ್ಕಾರಿ ಶಿಕ್ಷಕರ ಹುದ್ದೆ ತುಂಬಲಾರರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 7ನೇ ಸೆಕ್ಷನ್ ಖರ್ಚಿನ ಹೊಣೆಯನ್ನು ಕೇಂದ್ರ, ರಾಜ್ಯಗಳ ಮೇಲೆಯೇ ಹೊರಿಸಿದೆ.

ಅದೇ ಕಾಯ್ದೆಯ ಪ್ರಕಾರ ಐದನೆಯ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿದ್ದರೆ ಸಾಕು. ಬೆಳ್ತಂಗಡಿಯ ಘಟ್ಟದಡಿಯ ಅಂಥ ಶಾಲೆಯಲ್ಲಿ ಒಬ್ಬರು ಬಿಸಿಯೂಟದ ಅಕ್ಕಿ ಲೆಕ್ಕಕ್ಕೆ ಕೂತರೆ ಇನ್ನೊಬ್ಬರ ಮುಂದೆ ಐದೂ ತರಗತಿ! ಇದನ್ನು ಕಂಡೇ ಹೆತ್ತವರು ಮಗುವನ್ನು ಮೂಡುಬಿದಿರೆಯ ಖಾಸಗಿ ಶಾಲೆಯ ವ್ಯಾನು ಹತ್ತಿಸುವುದು. ಸರ್ಕಾರಿ ಶಾಲೆಯಲ್ಲಿ ಕೊರತೆಯಿರುವುದು ಉತ್ಸಾಹದ್ದಲ್ಲ, ಶಿಕ್ಷಕರದ್ದು.