ಚಿರತೆಯ ಆಯ್ಕೆ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ನಾಲ್ಕು ಮಂದಿ ಚಿರತೆಗೆ ಬಲಿಯಾದುದನ್ನು ವಾಚಕರು ಮರೆತಿರಲಾರರು. ಈಗ ಕಬ್ಬಿನ ಗದ್ದೆಯಲ್ಲಿ ಹೆಜ್ಜೆಗುರುತು ಕಂಡೊಡನೆ ಬೋನನ್ನು ತರಿಸಿರೆಂಬ ಕೂಗು ಏಳುತ್ತದೆ. ಈ ಕೂಗು ನ್ಯಾಯವಾದುದೇ. ಸಂಜೆಯ ಹೊತ್ತು ಮಗುವನ್ನು ಅಂಗಡಿಗೆ ಕಳುಹಲು ಅಂಜುವ ತಾಯಿಗೆ ಪ್ರಾಣಿಶಾಸ್ತ್ರವನ್ನು ಉಪದೇಶಿಸುವುದು ನಮ್ಮ ಉದ್ದೇಶವಲ್ಲ. ಆದರೆ ಚಿರತೆಯು ಊರ ಮಗ್ಗುಲಿಗೆ ಏತಕ್ಕೆ ಬರುತ್ತದೆ, ಬಂದು ಏನನ್ನು ಆರಿಸಿಕೊಳ್ಳುತ್ತದೆ ಎಂಬುದನ್ನು ವಿಚಾರಿಸದೆ ಬೋನುಗಳ ಎಣಿಕೆಯನ್ನು ಮಾತ್ರ ಹೆಚ್ಚಿಸುತ್ತ ಹೋಗುವ ಆಡಳಿತಕ್ರಮದ ವಿಷಯದಲ್ಲಿ ಎರಡು ಮಾತುಗಳನ್ನು ಹೇಳಬೇಕಾಗಿದೆ.

ಹಸಿದ ಮೃಗವು ಎದುರಿಗೆ ಸಿಕ್ಕಿದುದನ್ನೆಲ್ಲ ತಿನ್ನುವುದೆಂದು ಸಾಮಾನ್ಯವಾಗಿ ಜನರು ತಿಳಿದಿದ್ದಾರೆ. ಇದು ನಿಜವಲ್ಲ. ನಮ್ಮವರೇ ಆದ ಉಲ್ಲಾಸ ಕಾರಂತರು ಮೆಲ್ ಸನ್‌ಕ್ವಿಸ್ಟ್ ಎಂಬ ವಿದ್ವಾಂಸರೊಡನೆ 1986ರಿಂದ 1990ರವರೆಗೆ ನಾಗರಹೊಳೆಯ ಅರಣ್ಯದಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ನಂಬಿಕೆಯನ್ನು ಅಲ್ಲಗಳೆಯುತ್ತದೆ. ಹುಲಿ, ಚಿರತೆ, ಸೀಳುನಾಯಿಗಳ ಮಲದ 1348 ಮಾದರಿಗಳನ್ನೂ, ಅವು ಕೊಂದ 419 ಪ್ರಾಣಿಗಳ ಕಳೇಬರಗಳನ್ನೂ ಅವರು ಪರೀಕ್ಷಿಸಿದರು. ಹುಲಿಯ ಒಲವು 176 ಕಿಲೋಗ್ರಾಮಿಗೆ ಮೀರಿದ ದೊಡ್ಡ ಪ್ರಾಣಿಯ ಮೇಲೆ; ಚಿರತೆ ಮತ್ತು ಸೀಳುನಾಯಿಗಳ ದೃಷ್ಟಿ 30ರಿಂದ 175 ಕಿಲೋಗ್ರಾಂ ತೂಕದವುಗಳ ಮೇಲೆ. ಹುಲಿಗೆ ಕಾಟಿಯೆಂದರೆ ಬಲು ಇಷ್ಟ. ಆದರೆ ಅದರಲ್ಲಿಯೂ ಎಳೆಯವನ್ನೇ ಹೆಚ್ಚಾಗಿ ಹಿಡಿಯುತ್ತದೆ. ಸಾರಗ, ಕಡವೆ, ಕಾಡುಹಂದಿಗಳಲ್ಲಾದರೋ ಬೆಳೆದ ಗಂಡೇ ಹೆಚ್ಚಾಗಿ ಅದರ ಪಾಲಾಗುತ್ತದೆ.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಂಟಿಯಾಗಿ ಬೇಟೆಯಾಡುವ ಪ್ರಾಣಿಗೆ ಒಂದು ಕಾಲು ಮುರಿದರೆ ಉಪವಾಸವೇ ಗತಿ. ಆದುದರಿಂದ ದೊರೆಯುವ ಮಾಂಸವೆಷ್ಟು, ಓಟದ ಆಯಾಸವೆಷ್ಟು, ಕೊಂಬಿನ ಅಪಾಯವೆಷ್ಟು ಎಂಬ ಲೆಕ್ಕವು ಅದರ ಸ್ವಭಾವದಲ್ಲಿಯೇ ಸೇರಿಹೋಗಿದೆ. ಮಂಡಿಯ ವರ್ತಕನಿಗೂ ಇಷ್ಟು ಜಾಗರೂಕತೆ ಇದೆಯೋ ಇಲ್ಲವೋ! ಸಂಶೋಧಕರು ಇನ್ನೊಂದು ಮುಖ್ಯ ಸಂಗತಿಯನ್ನೂ ಸೂಚಿಸಿದ್ದಾರೆ: ಆರಿಸಲು ಅವಕಾಶವಿದ್ದಾಗ ಮಾತ್ರ ಮೃಗವು ಆರಿಸುತ್ತದೆ, ದೊಡ್ಡ ಬೇಟೆಯು ವಿರಳವಾದ ಕಾಡುಗಳಲ್ಲಿ ಈ ಆಯ್ಕೆಯು ಕಾಣದೆ ಹೋಗುವುದು. 2022ರ ಗಣತಿಯಲ್ಲಿ ನಮ್ಮ ರಾಜ್ಯದ ಹುಲಿಗಳು 563 ಎಂದು ಹೆಮ್ಮೆಪಟ್ಟೆವು. ಉರುಳಿಗೂ ಕೋವಿಗೂ ಬೀಳುವ ಕಡವೆ ಕಾಟಿಗಳ ಲೆಕ್ಕವನ್ನು ಅದೇ ಉತ್ಸಾಹದಿಂದ ಕೇಳುವವರು ಮಾತ್ರ ಕಡಮೆ.

ಇದು ಕಾಡಿನೊಳಗಿನ ಮಾತಾಯಿತು. ಕಾಡೇ ಇಲ್ಲದ ಕಬ್ಬಿನ ಸೀಮೆಯಲ್ಲಿ ಚಿರತೆಯ ಊಟವೇನು? ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿನ ಚಿರತೆಗಳ ಆಹಾರದ ತೂಕದಲ್ಲಿ ಶೇಕಡಾ 87 ಭಾಗ ಸಾಕುಪ್ರಾಣಿಗಳದು. ನಾಯಿಯೊಂದೇ ಶೇಕಡಾ 39. ಆಡುಗಳು ನಾಯಿಗಳ ಏಳು ಪಟ್ಟು ಇದ್ದರೂ ಅವುಗಳ ಪಾಲು ಕೇವಲ ಶೇಕಡಾ 11. ಚಿರತೆಗೆ ಆಡು ರುಚಿಸದೆಂದು ಇದರಿಂದ ಯಾರೂ ತಿಳಿಯಬಾರದು. ಆಡಿಗೆ ಹಗಲು ಕಾಯುವವನುಂಟು, ರಾತ್ರಿ ದೊಡ್ಡಿಯುಂಟು. ಬೀದಿನಾಯಿಗೆ ಎರಡೂ ಇಲ್ಲ. ತಿಪ್ಪೆಯ ಬಳಿ ರಾತ್ರಿಯೆಲ್ಲ ಅಲೆಯುವ ಈ ಪ್ರಾಣಿಯು ಚಿರತೆಗೆ ತಕ್ಕ ಗಾತ್ರದ್ದು, ಕೊಂಬಿಲ್ಲದುದು, ಹೇರಳವಾದುದು.

ನಮ್ಮ ತಾಲ್ಲೂಕು ಪಟ್ಟಣಗಳ ಅಂಚಿನಲ್ಲಿ ಕೋಳಿ ಅಂಗಡಿಯ ಕಸವನ್ನೂ ಛತ್ರದ ಎಂಜಲನ್ನೂ ಎಲ್ಲಿ ಸುರಿಯಲಾಗುತ್ತದೆ ಎಂಬುದನ್ನು ಪುರಸಭೆಯವರು ಬಲ್ಲರು. ಆದರೆ ನಾಯಿಗಳು ಕಡಮೆಯಾದರೆ ಚಿರತೆಯು ಆಡಿನ ಮೇಲೆ ಬೀಳದೇ ಎಂದು ಕೇಳಬಹುದು. ಬೀಳಬಹುದು. ಆದಕಾರಣವೇ ಮೊದಲು ಗಟ್ಟಿಯಾದ ಕದ, ಮಾಡುಗಳುಳ್ಳ ದೊಡ್ಡಿಗೆ ಬಡ ರೈತನಿಗೆ ಸಹಾಯ ದೊರೆಯಬೇಕು. ಕಸದ ವಿಲೇವಾರಿ ಅದರ ಬೆನ್ನಿಗೆ ಬರಬೇಕು. ಈ ಕ್ರಮವು ತಿರುಗುಮುರುಗಾದರೆ ನಷ್ಟವು ರೈತನದೇ.

ಮನುಷ್ಯರ ಮೇಲೆ ಬಿದ್ದ ಮೃಗವನ್ನು ಹಿಡಿಯಲೇಬೇಕು. ಇದರಲ್ಲಿ ಎರಡನೆಯ ಅಭಿಪ್ರಾಯವಿಲ್ಲ. ಕಣ್ಣಿಗೆ ಬಿದ್ದ ಚಿರತೆಯನ್ನೆಲ್ಲ ಹಿಡಿದು ಬೇರೆಡೆ ಬಿಡುವುದು ಮಾತ್ರ ಬೇರೆಯ ಮಾತು. ಮಹಾರಾಷ್ಟ್ರದ ಜುನ್ನರ ಸೀಮೆಯಲ್ಲಿ 1993ರಿಂದ 2001ರವರೆಗೆ ವರ್ಷಕ್ಕೆ ಸರಾಸರಿ 4 ಮಂದಿಯ ಮೇಲೆ ಚಿರತೆ ಎರಗುತ್ತಿತ್ತು; ಹಿಡಿದು ಬಿಡುವ ಕಾರ್ಯವು ಭರದಿಂದ ನಡೆದ ಮೇಲೆ, 2001ರಿಂದ 2003ರ ಅವಧಿಯಲ್ಲಿ, ಅದು ವರ್ಷಕ್ಕೆ 17ಕ್ಕೆ ಏರಿತು. ನಮ್ಮಲ್ಲಿ ಬೋನಿನ ಕಡತವು ಅರಣ್ಯದ ಕಚೇರಿಯಲ್ಲಿದೆ, ಕಸದ ಕಡತವು ಪುರಸಭೆಯಲ್ಲಿದೆ, ದೊಡ್ಡಿಯ ಕಡತವು ಪಶುವೈದ್ಯ ಇಲಾಖೆಯಲ್ಲಿದೆ. ಮುಂದಿನ ಜಿಲ್ಲಾ ಸಭೆಯಲ್ಲಿ ಈ ಮೂರನ್ನೂ ಒಂದೇ ಮೇಜಿನ ಮೇಲೆ ತರಿಸಿ ನೋಡಬೇಕೆಂದು ಜಿಲ್ಲಾಧಿಕಾರಿಗಳನ್ನು ಕೋರುತ್ತೇವೆ.